ಹೊಸ ಕೋಣೆಗೆ ದಾರಿ ಎಲ್ಲಿ ತಪ್ಪಿತು?

ಹಳೆಯ ಮನೆಗೆ ಹೊಸದೊಂದು ಕೋಣೆ ಕೂಡಿಸಿದವರಿಗೆ ಈ ಫಜೀತಿ ಗೊತ್ತು. ಗೋಡೆ ಎದ್ದಿದೆ, ಸುಣ್ಣ ಬಳಿದಾಗಿದೆ, ವೈರಿಂಗೂ ಮುಗಿದಿದೆ. ಆದರೆ ಸ್ವಿಚ್ ಒತ್ತಿದರೆ ದೀಪ ಹತ್ತುವುದಿಲ್ಲ. ಪಕ್ಕದ ಹಳೆಯ ಕೋಣೆಯಲ್ಲಿ ಮಾತ್ರ ಫ್ಯಾನು ಆರಾಮವಾಗಿ ತಿರುಗುತ್ತಿದೆ! ತಪ್ಪು ಬಲ್ಬಿನದೋ, ಸ್ವಿಚ್ಚಿನದೋ, ಫ್ಯೂಸಿನದೋ? ತಿಳಿದವನು ಟೆಸ್ಟರ್ ಹಿಡಿದು ಒಂದೊಂದೇ ಜಾಗ ಮುಟ್ಟಿ ನೋಡುತ್ತಾನೆ. ತಿಳಿಯದವನು ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತುತ್ತಾನೆ. ಆಗ ದೀಪ ಹತ್ತುತ್ತದೆ, ನಿಜ. ಮುಂದೊಂದು ದಿನ ಮನೆಯೇ ಹತ್ತಿಕೊಂಡೀತು.

ಕಂಪ್ಯೂಟರ್ ಜಾಲಕ್ಕೆ ಹೊಸ ಭಾಗವೊಂದನ್ನು ಸೇರಿಸುವಾಗಲೂ ನಡೆಯುವುದು ಇದೇ. ಅಲ್ಲಿ ಫ್ಯೂಸಿನಂತೆ ಕಾವಲಿಗೆ ಕುಳಿತಿರುವುದು ಫೈರ್‌ವಾಲ್.

ಫೈರ್‌ವಾಲ್ ಎಂಬ ಹೆಸರು ಬಂದದ್ದು ಕಟ್ಟಡ ಕಟ್ಟುವವರಿಂದ. ಒಂದು ಮನೆಗೆ ಬಿದ್ದ ಬೆಂಕಿ ಪಕ್ಕದ ಮನೆಗೆ ಹರಡದಂತೆ ನಡುವೆ ಎಬ್ಬಿಸುವ ಗಟ್ಟಿ ಗೋಡೆಗೆ ಆ ಹೆಸರು. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಯಬಿಟ್ಟ ಒಂದು ಪುಟ್ಟ ಪ್ರೋಗ್ರಾಮು ತಾನಾಗಿಯೇ ಯಂತ್ರದಿಂದ ಯಂತ್ರಕ್ಕೆ ಹಬ್ಬಿ, ಸುಮಾರು 6,000 ಕಂಪ್ಯೂಟರುಗಳನ್ನು ಕಂಗೆಡಿಸಿತೆಂದು ಅಂದಾಜು. ಜಾಲದಲ್ಲೂ ಬೆಂಕಿ ಬೀಳುತ್ತದೆ, ಅಲ್ಲೂ ನಡುಗೋಡೆ ಬೇಕು ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಒಂದು ಶಾಲೆ, ಎರಡು ಬೀದಿ

ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳಿ. ಕಚೇರಿಯಲ್ಲಿ 5 ಕಂಪ್ಯೂಟರುಗಳು, ಒಂದು ಪ್ರಿಂಟರ್. ಅವುಗಳ ವಿಳಾಸಗಳೆಲ್ಲ 192.168.10 ಎಂದು ಶುರುವಾಗುತ್ತವೆ. ಕೊನೆಯ ಅಂಕಿ ಮಾತ್ರ ಬೇರೆ ಬೇರೆ. ಅದನ್ನು ಹತ್ತನೆಯ ಬೀದಿ ಎನ್ನಬಹುದು. ಈಗ ದಾನಿಗಳ ನೆರವಿನಿಂದ 20 ಕಂಪ್ಯೂಟರುಗಳ ಹೊಸ ಪ್ರಯೋಗಾಲಯ ಬಂದಿದೆ. ಅದಕ್ಕೆ ಬೇರೆ ಬೀದಿ: 192.168.20. ಎರಡು ಬೀದಿಗಳೂ ಒಂದೇ ಫೈರ್‌ವಾಲ್ ಪೆಟ್ಟಿಗೆಯ ಎರಡು ಕಿಂಡಿಗಳಿಗೆ ಬಂದು ಸೇರುತ್ತವೆ. ಮೂರನೆಯ ಕಿಂಡಿ ಹೊರಗಿನ ಇಂಟರ್‌ನೆಟ್ಟಿಗೆ.

ಎಲ್ಲವನ್ನೂ ಒಂದೇ ಬೀದಿಯಲ್ಲಿ ಇಡಬಹುದಿತ್ತಲ್ಲ? ಇಡಬಹುದಿತ್ತು. ಆದರೆ ಕಚೇರಿಯ ಕಂಪ್ಯೂಟರುಗಳಲ್ಲಿ ಮಕ್ಕಳ ಅಂಕಪಟ್ಟಿಗಳಿವೆ, ಹೆತ್ತವರ ಬ್ಯಾಂಕ್ ಖಾತೆಯ ವಿವರಗಳಿವೆ. ಪ್ರಯೋಗಾಲಯದಲ್ಲಿ ಮಕ್ಕಳು ಕಂಡ ಕಂಡ ಗುಂಡಿ ಒತ್ತಿ ಕಲಿಯಬೇಕು. ಪೆನ್‌ಡ್ರೈವ್ ತರುತ್ತಾರೆ, ಆಟಗಳನ್ನು ಇಳಿಸಿಕೊಳ್ಳುತ್ತಾರೆ. ಈ ಎರಡರ ನಡುವೆ ಗೋಡೆ ಇರಲೇಬೇಕು.

ಶುಕ್ರವಾರ ಮಧ್ಯಾಹ್ನ ಹೊಸ ಕಂಪ್ಯೂಟರುಗಳನ್ನು ಹಚ್ಚಿದರೆ ಒಂದರಲ್ಲೂ ಇಂಟರ್‌ನೆಟ್ ಇಲ್ಲ. ಕಚೇರಿಯಲ್ಲಿ ಮಾತ್ರ ಎಲ್ಲ ಸರಿಯಾಗಿದೆ. ಮೂವರು ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಮಾರನೆಯ ದಿನವೇ ಕೊನೆಯ ದಿನ. ಹೆಡ್ಮಾಸ್ತರಿಗೆ ಆತಂಕ.

“ಟೀಚರ್, ಸದ್ಯಕ್ಕೆ ಆ ಪೆಟ್ಟಿಗೇಲಿರೋ ತಡೆಯನ್ನೆಲ್ಲ ತೆಗೆದುಬಿಡಿ. ಸೋಮವಾರ ನೋಡಿಕೊಂಡರಾಯ್ತು.”

“ಸರ್, ಇವತ್ತು ತೆಗೆದದ್ದನ್ನ ಸೋಮವಾರ ಯಾರೂ ನೆನಪಿಟ್ಟು ಹಾಕೋದಿಲ್ಲ. ಆ ಮೂರು ಅರ್ಜೀನ ಕಚೇರಿ ಕಂಪ್ಯೂಟರಿನಲ್ಲೇ ಗುಮಾಸ್ತರ ಮುಂದೆ ಕೂತು ತುಂಬಿಸಿಬಿಡೋಣ. ಇದನ್ನ ನಿಧಾನವಾಗಿ ಹುಡುಕ್ತೀನಿ.”

ಅರ್ಜಿಗಳು ಅರ್ಧ ಗಂಟೆಯಲ್ಲಿ ಹೋದವು. ತುರ್ತಿನ ಕೆಲಸವನ್ನೂ ದುರಸ್ತಿಯ ಕೆಲಸವನ್ನೂ ಬೇರೆ ಮಾಡಿದ ಕೂಡಲೇ ಅವಸರ ಇಳಿಯಿತು. ಅವಸರ ಇಳಿದ ಮೇಲೆ ಬುದ್ಧಿಗೆ ಜಾಗ ಸಿಕ್ಕಿತು.

ಹತ್ತಿರದಿಂದ ದೂರಕ್ಕೆ

ಹುಡುಕುವ ಕ್ರಮ ಸರಳವಾದದ್ದು. ಹತ್ತಿರದಿಂದ ಶುರುಮಾಡಿ ಒಂದೊಂದೇ ಹೆಜ್ಜೆ ದೂರ ಹೋಗುವುದು; ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು; ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಭೌತಶಾಸ್ತ್ರದ ಪ್ರಯೋಗದಲ್ಲಿ ಲೋಲಕದ ಉದ್ದವನ್ನೂ ಗುಂಡಿನ ತೂಕವನ್ನೂ ಒಟ್ಟಿಗೆ ಬದಲಿಸಿದರೆ ಫಲಿತಾಂಶ ಯಾವುದರಿಂದ ಬಂತೆಂದು ಹೇಳುವವರಾರು?

ಮೊದಲ ಪ್ರಶ್ನೆ: ಕಂಪ್ಯೂಟರಿಗೆ ತನ್ನದೇ ವಿಳಾಸ ಸಿಕ್ಕಿದೆಯೇ? ಟೀಚರ್ ನೋಡಿದರು. ಪರದೆಯ ಮೇಲೆ 192.168.20 ಇರಬೇಕಾದಲ್ಲಿ 169.254 ಎಂದು ಶುರುವಾಗುವ ಸಂಖ್ಯೆ ಇತ್ತು. ‘ವಿಳಾಸ ಕೊಡಿ ಎಂದು ಕೂಗಿದೆ, ಯಾರೂ ಕೊಡಲಿಲ್ಲ, ನಾನೇ ಒಂದು ಇಟ್ಟುಕೊಂಡೆ’ ಎಂದು ಕಂಪ್ಯೂಟರು ಹೇಳುವ ರೀತಿ ಅದು. ವಿಳಾಸ ಹಂಚುವ ಈ ಸೇವೆಗೆ ಡಿಎಚ್‌ಸಿಪಿ ಎಂದು ಹೆಸರು. ಈ ಶಾಲೆಯಲ್ಲಿ ಫೈರ್‌ವಾಲೇ ಅದನ್ನು ಮಾಡುತ್ತಿತ್ತು, ಆದರೆ ಕಚೇರಿಯ ಕಿಂಡಿಗೆ ಮಾತ್ರ. ಹೊಸ ಕಿಂಡಿಗೂ ಅದನ್ನು ಚಾಲೂ ಮಾಡಿದ್ದಾಯಿತು. ವಿಳಾಸ ಬಂತು: 192.168.20.15.

ಎರಡನೆಯ ಪ್ರಶ್ನೆ: ಬೀದಿಯ ಬಾಗಿಲು ಮುಟ್ಟುತ್ತದೆಯೇ? ಇದಕ್ಕೆ ಪಿಂಗ್ ಎಂಬ ಉಪಕರಣವಿದೆ. ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಬರೆದ ಪ್ರೋಗ್ರಾಮು ಇದು. ಜಲಾಂತರ್ಗಾಮಿಗಳನ್ನು ಹುಡುಕುವ ಸೋನಾರ್ ನೀರಿನಲ್ಲಿ ‘ಪಿಂಗ್’ ಎಂದು ಸದ್ದು ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. ಹೆಸರು ಅಲ್ಲಿಂದ ಬಂತು. ಫೈರ್‌ವಾಲಿನ ಹೊಸ ಕಿಂಡಿಗೆ ಪಿಂಗ್ ಕಳಿಸಿದರೆ ಉತ್ತರ ಬಂತು. ಅಂದರೆ ಕೇಬಲ್ಲು, ಸ್ವಿಚ್ಚು ಎರಡೂ ಸರಿ. ಒಂದು ಎಚ್ಚರಿಕೆ: ಪಿಂಗಿಗೆ ಉತ್ತರಿಸಬೇಡ ಎಂದು ಕೆಲವು ಫೈರ್‌ವಾಲುಗಳಿಗೆ ಹೇಳಿರುತ್ತಾರೆ. ಉತ್ತರ ಬಂದರೆ ಅದು ಸಾಕ್ಷಿ. ಬಾರದಿದ್ದರೆ ಅದೊಂದರಿಂದಲೇ ತೀರ್ಮಾನ ಸಲ್ಲದು.

ಮೂರನೆಯ ಪ್ರಶ್ನೆ: ಬಾಗಿಲ ಆಚೆಗೆ? ಹೊರಗಿನ ವಿಳಾಸವೊಂದಕ್ಕೆ ಪಿಂಗ್ ಕಳಿಸಿದರೆ ಮೌನ. ಇಲ್ಲಿ ನೆರವಿಗೆ ಬರುವುದು ಫೈರ್‌ವಾಲ್ ಬರೆದಿಡುವ ದಿನಚರಿ, ಅಂದರೆ ಲಾಗ್. ಅದರಲ್ಲಿ ಏನೂ ಬರೆದಿಲ್ಲವೆಂದರೆ ಪೊಟ್ಟಣ ಅಲ್ಲಿಗೆ ತಲುಪಿಯೇ ಇಲ್ಲದಿರಬಹುದು. ತಡೆದೆ ಎಂದಿದ್ದರೆ ಕಟ್ಟಳೆಯಲ್ಲಿ ತೊಡಕು. ಬಿಟ್ಟೆ ಎಂದಿದ್ದೂ ಉತ್ತರ ಬಾರದಿದ್ದರೆ ಮರಳುವ ದಾರಿಯಲ್ಲಿ ತೊಡಕು. ಈ ಮೂರನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಲಾಗಿನಲ್ಲಿ ‘ತಡೆದೆ’ ಎಂದಿತ್ತು. ಸಹಜವೇ. ಒಳ್ಳೆಯ ಫೈರ್‌ವಾಲಿನ ಕಟ್ಟಳೆಗಳ ಪಟ್ಟಿಯಲ್ಲಿ ಕೊನೆಯ ಸಾಲು ‘ಉಳಿದದ್ದನ್ನೆಲ್ಲ ತಡೆ’ ಎಂದೇ ಇರುತ್ತದೆ. ಹೊಸ ಬೀದಿಯ ಹೆಸರನ್ನೇ ಅದು ಕೇಳಿರಲಿಲ್ಲ. ‘ಇಪ್ಪತ್ತನೆಯ ಬೀದಿಯಿಂದ ಹೊರಕ್ಕೆ ಹೋಗಬಹುದು’ ಎಂದು ಟೀಚರ್ ಹೊಸ ಕಟ್ಟಳೆ ಬರೆದರು. ಆದರೂ ‘ತಡೆದೆ’!

ಹತ್ತಿರ ನಿಂತಿದ್ದ ಹತ್ತನೆಯ ತರಗತಿಯ ಹುಡುಗಿ ಪಟ್ಟಿಯನ್ನೇ ನೋಡುತ್ತಿದ್ದಳು. “ಟೀಚರ್, ನೀವು ಬರೆದದ್ದು ‘ಎಲ್ಲ ತಡೆ’ ಅನ್ನೋದರ ಕೆಳಗೆ ಇದೆಯಲ್ವಾ?”

ಇತ್ತು. ಇಂಥ ಫೈರ್‌ವಾಲ್ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದು, ಹೊಂದುವ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಹೊಸ ಸಾಲಿನವರೆಗೆ ಅದು ಇಳಿದೇ ಇರಲಿಲ್ಲ. ಸಾಲನ್ನು ಮೇಲಕ್ಕೆ ಸರಿಸಿದ್ದಾಯಿತು. ಲಾಗಿನಲ್ಲಿ ಈಗ ‘ಬಿಟ್ಟೆ’ ಎಂದು ಬಂತು. ಉತ್ತರ ಮಾತ್ರ ಇನ್ನೂ ಇಲ್ಲ.

ಹೋದ ಕಾಗದಕ್ಕೆ ಜವಾಬೇಕಿಲ್ಲ?

ಊರಿಗೆ ಕಾಗದ ಬರೆದು, ಇಂದ ಎನ್ನುವಲ್ಲಿ ‘ಅಡುಗೆಮನೆ ಪಕ್ಕದ ಕೋಣೆ’ ಎಂದಷ್ಟೇ ಬರೆದರೆ ಜವಾಬು ಬಂದೀತೇ? ಆ ವಿಳಾಸ ಮನೆಯೊಳಗೆ ಸರಿ, ಅಂಚೆಯವನಿಗೆ ಅರ್ಥವಿಲ್ಲದ್ದು. 192.168 ಎಂದು ಶುರುವಾಗುವ ವಿಳಾಸಗಳೂ ಹಾಗೆಯೇ. 1996ರ ಫೆಬ್ರುವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 1918 ಎಂಬ ದಾಖಲೆ ಇವನ್ನೂ, ಇನ್ನೆರಡು ಗುಂಪಿನ ವಿಳಾಸಗಳನ್ನೂ ಖಾಸಗಿ ಬಳಕೆಗೆಂದು ತೆಗೆದಿರಿಸಿದೆ. ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಬಹುದು. ಹೊರಗಿನ ಇಂಟರ್‌ನೆಟ್ಟಿನಲ್ಲಿ ಇವಕ್ಕೆ ದಾರಿಯಿಲ್ಲ. ಇಂಟರ್‌ನೆಟ್ಟಿನ ಹಳೆಯ ಕ್ರಮದಲ್ಲಿ ವಿಳಾಸ 32 ಬಿಟ್ಟುಗಳದ್ದು. ಒಟ್ಟು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಲೋಕದ ಎಲ್ಲ ಯಂತ್ರಗಳಿಗೆ ಅವು ಸಾಲವು. ಅದಕ್ಕೇ ಈ ಏರ್ಪಾಡು.

ಪೊಟ್ಟಣ ಹೊರಡುವಾಗ ಫೈರ್‌ವಾಲ್ ಕಳಿಸಿದವರ ವಿಳಾಸವನ್ನು ಅಳಿಸಿ ಶಾಲೆಯ ಹೊರ ವಿಳಾಸವನ್ನು ಬರೆಯುತ್ತದೆ. ಯಾರ ಪೊಟ್ಟಣ ಎಂಬುದನ್ನು ತನ್ನ ಕೋಷ್ಟಕದಲ್ಲಿ ಗುರುತು ಹಾಕಿಕೊಂಡು, ಉತ್ತರ ಬಂದಾಗ ಅವರಿಗೇ ಒಪ್ಪಿಸುತ್ತದೆ. ಈ ವಿಳಾಸ ಬದಲಾವಣೆಯ ಹೆಸರು ನ್ಯಾಟ್. ಅದರ ಪಟ್ಟಿಯಲ್ಲಿ ಹತ್ತನೆಯ ಬೀದಿ ಮಾತ್ರ ಇತ್ತು! ಇಪ್ಪತ್ತನೆಯದನ್ನೂ ಸೇರಿಸಿದ ಕೂಡಲೇ ಪಿಂಗಿಗೆ ಉತ್ತರ ಬರತೊಡಗಿತು.

ಆದರೆ ಜಾಲತಾಣದ ಹೆಸರು ಕೊಟ್ಟರೆ ಪುಟ ತೆರೆಯಲಿಲ್ಲ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಡಿಎನ್‌ಎಸ್, ಅಂದರೆ ಹೆಸರಿನಿಂದ ಸಂಖ್ಯೆಯನ್ನು ಹುಡುಕಿಕೊಡುವ ಸೇವೆ. ಅದನ್ನೂ ಫೈರ್‌ವಾಲೇ ಒದಗಿಸುತ್ತಿತ್ತು. ಟೀಚರ್ ಕೊಟ್ಟಿದ್ದ ಅನುಮತಿ ಫೈರ್‌ವಾಲನ್ನು ದಾಟಿ ಹೋಗಲು. ಫೈರ್‌ವಾಲನ್ನೇ ಪ್ರಶ್ನೆ ಕೇಳಲು ಅಲ್ಲ. ಗೇಟು ದಾಟಲು ಬಿಟ್ಟ ಮಾತ್ರಕ್ಕೆ ಕಾವಲುಗಾರನ ಜೊತೆ ಮಾತಿಗೆ ನಿಲ್ಲಬಹುದೆಂದು ಅರ್ಥವಲ್ಲ. ಅದಕ್ಕೆ ಬೇರೆ ಕಟ್ಟಳೆ: ಹೊಸ ಬೀದಿಯಿಂದ ಫೈರ್‌ವಾಲಿನ 53ನೆಯ ಪೋರ್ಟಿಗೆ ಮಾತ್ರ ಪ್ರವೇಶ. ಪುಟ ತೆರೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಹಳೆಯ ತಪ್ಪು, ಹೊಸ ದಿನ

ಉಳಿದದ್ದು ಪ್ರಿಂಟರ್. ಅದು ಕಚೇರಿಯ ಬೀದಿಯಲ್ಲಿ 192.168.10.40 ವಿಳಾಸದಲ್ಲಿದೆ. ಪ್ರಯೋಗಾಲಯದಿಂದ ಆ ಒಂದೇ ವಿಳಾಸಕ್ಕೆ, ಅಚ್ಚಿನ ಕೆಲಸಕ್ಕೆ ಮಾತ್ರ ದಾರಿ ಬಿಟ್ಟರು. ಲಾಗಿನಲ್ಲಿ ‘ಬಿಟ್ಟೆ’ ಎಂದಿದೆ. ಪ್ರಿಂಟರ್ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಕಚೇರಿಯವರಿಗೆ ವರ್ಷಗಳಿಂದ ಅಚ್ಚು ಹಾಕಿಕೊಡುತ್ತಿರುವ ಯಂತ್ರ!

ತಪ್ಪು ಇದ್ದದ್ದು ಪ್ರಿಂಟರಿನ ಮಾಸ್ಕಿನಲ್ಲಿ. ವಿಳಾಸದಲ್ಲಿ ಎಷ್ಟು ಭಾಗ ಬೀದಿಯ ಹೆಸರು, ಎಷ್ಟು ಭಾಗ ಮನೆಯ ಸಂಖ್ಯೆ ಎಂದು ಹೇಳುವುದು ಮಾಸ್ಕ್. 255.255.255.0 ಇರಬೇಕಾದಲ್ಲಿ ಯಾರೋ 255.255.0.0 ಎಂದು ಬರೆದಿದ್ದರು. ಹೀಗಾಗಿ ಪ್ರಿಂಟರಿಗೆ ಬೀದಿಯ ಹೆಸರು ಬರೀ 192.168, ಇಪ್ಪತ್ತನೆಯ ಬೀದಿಯವರೂ ತನ್ನ ಬೀದಿಯವರೇ! ಉತ್ತರವನ್ನು ಬಾಗಿಲಿಗೆ ಒಯ್ಯುವ ಬದಲು ಅದು ತನ್ನ ಬೀದಿಯಲ್ಲೇ ನಿಂತು ಕೂಗುತ್ತಿತ್ತು. ಕೂಗು ಗೋಡೆ ದಾಟಲಿಲ್ಲ. ಒಂದೇ ಬೀದಿ ಇದ್ದಷ್ಟು ದಿನ ಈ ತಪ್ಪಿನಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಹೊಸದನ್ನು ಸೇರಿಸಿದಾಗ ಕೆಟ್ಟದ್ದೆಲ್ಲ ಹೊಸದರದ್ದೇ ತಪ್ಪಲ್ಲ ಎಂಬುದಕ್ಕೆ ಇದು ಉದಾಹರಣೆ.

ಇಷ್ಟೆಲ್ಲ ತಾಪತ್ರಯ ಯಾಕೆ, ಎಲ್ಲವನ್ನೂ ಬಿಟ್ಟುಬಿಟ್ಟಿದ್ದರೆ? ಆ ಪ್ರಶ್ನೆಗೆ ಉತ್ತರ 2017ರ ಮೇ 12ರಂದು ಸಿಕ್ಕಿತು. ವಾನಾಕ್ರೈ ಎಂಬ ಹಾವಳಿ ಅಂದು ಶುರುವಾಗಿ, ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆಗಳು ರದ್ದಾದವು. ಅದು ಹಬ್ಬಿದ್ದು ಕಡತ ಹಂಚಿಕೊಳ್ಳುವ 445ನೆಯ ಪೋರ್ಟಿನ ಮೂಲಕ. ಆ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ಮಾರ್ಚಿಯಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಬಹಳ ಮಂದಿ. ತೇಪೆಯಿಲ್ಲದ, ನಡುಗೋಡೆಯೂ ಇಲ್ಲದ ಜಾಲದಲ್ಲಿ ಒಂದು ಯಂತ್ರಕ್ಕೆ ತಗಲಿದ್ದು ಉಳಿದವಕ್ಕೆ ಹಬ್ಬಲು ಅಡ್ಡಿಯೇ ಇರಲಿಲ್ಲ.

ಈ ಮಾತು ಮನೆಗೂ ಸಲ್ಲುತ್ತದೆ. ಮನೆಗಳಲ್ಲಿರುವ ಹಲವು ವೈಫೈ ಪೆಟ್ಟಿಗೆಗಳಲ್ಲಿ ಅತಿಥಿಗಳಿಗೆಂದು ಬೇರೆ ಜಾಲ ಮಾಡುವ ಸೌಕರ್ಯವಿದೆ. ಅದಕ್ಕೆ ಸೇರಿದ ಫೋನಿಗೆ ಮನೆಯ ಪ್ರಿಂಟರ್ ಕಾಣಿಸದಿದ್ದರೆ ಹೆತ್ತವರು ಗಾಬರಿಯಾಗಬೇಕಿಲ್ಲ. ಅದು ಕೆಟ್ಟಿಲ್ಲ, ಗೋಡೆ ತನ್ನ ಕೆಲಸ ಮಾಡುತ್ತಿದೆ. ಬಂದವರಿಗೆಲ್ಲ ಮನೆಯ ಜಾಲದ ಗುಪ್ತಪದ ಹೇಳುವುದಕ್ಕಿಂತ ಇದು ಮೇಲು.

ಆ ಸಂಜೆ ಟೀಚರಿನ ನೋಟ್‌ಬುಕ್ಕಿನಲ್ಲಿ ಐದು ಸಾಲುಗಳಿದ್ದವು: ವಿಳಾಸ, ಕಟ್ಟಳೆಯ ಸರದಿ, ನ್ಯಾಟ್, ಹೆಸರಿನ ಸೇವೆ, ಪ್ರಿಂಟರಿನ ಮಾಸ್ಕ್. ಮೇಲ್ನೋಟಕ್ಕೆ ‘ಇಂಟರ್‌ನೆಟ್ ಇಲ್ಲ’ ಎಂಬ ಒಂದೇ ದೂರು. ಒಳಗೆ ಹೊಕ್ಕರೆ ಒಂದರ ಹಿಂದೆ ಒಂದು ನಾಲ್ಕು ಕಾರಣ. ಮೊದಲ ಬದಲಾವಣೆಗೆ ಫಲ ಕಾಣಲಿಲ್ಲವೆಂದು ಅದನ್ನು ಅಳಿಸಿಬಿಟ್ಟಿದ್ದರೆ ಆಕೆ ಮತ್ತೆ ಮೊದಲಿಗೇ ಬರುತ್ತಿದ್ದರು. ಹೆಡ್ಮಾಸ್ತರು ಆ ಪುಟದ ಒಂದು ನಕಲನ್ನು ಪೆಟ್ಟಿಗೆಯ ಪಕ್ಕದ ಗೋಡೆಗೆ ಅಂಟಿಸಲು ಹೇಳಿದರು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: 192.168.10.40 ಮತ್ತು 192.168.20.15 ಈ ಎರಡನ್ನೂ ದ್ವಿಮಾನ ಪದ್ಧತಿಯಲ್ಲಿ ಬರೆಯಿರಿ. ಕೆಳಗೆ 255.255.255.0 ಬರೆಯಿರಿ. ಮೇಲೆ ಕೆಳಗೆ ಎರಡೂ ಕಡೆ 1 ಇದ್ದಲ್ಲಿ ಮಾತ್ರ 1, ಇಲ್ಲದಿದ್ದರೆ 0 ಹಾಕಿ. ಬಂದ ಎರಡು ಉತ್ತರಗಳು ಬೇರೆ ಬೇರೆ ಆಗಿದ್ದರೆ ಬೀದಿಗಳೂ ಬೇರೆ. ಆಮೇಲೆ ಅದನ್ನೇ 255.255.0.0 ಇಟ್ಟು ಮಾಡಿ ನೋಡಿ. ಪ್ರಿಂಟರ್ ಯಾಕೆ ದಾರಿ ತಪ್ಪಿತೆಂದು ನಿಮ್ಮ ಪೆನ್ಸಿಲೇ ಹೇಳುತ್ತದೆ.