ಹೆಸರು ನಮ್ಮದು, ಮೂಳೆ ಅವರದು

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಪೀಬಾಡಿ ಮ್ಯೂಸಿಯಂನ ದಾಖಲೆಯಲ್ಲಿ 13799 ಎಂಬ ಸಂಖ್ಯೆಯ ಒಂದು ಮೂಳೆಯ ತುಂಡಿದೆ. ಮೇಲ್ದವಡೆಯ ಒಂದು ಭಾಗ, ಅದರಲ್ಲಿ ಕೆಲವು ಹಲ್ಲುಗಳು. ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬಹುದಾದಷ್ಟು ಚಿಕ್ಕದು. 1932ರಲ್ಲಿ, ಇಂದಿನ ಹಿಮಾಚಲ ಪ್ರದೇಶದ ಬಿಲಾಸ್‌ಪುರಕ್ಕೆ ಸೇರಿದ ಹರಿತಲ್ಯಾಂಗರ್ ಎಂಬಲ್ಲಿ ಯೇಲ್‌ನ ಸಂಶೋಧನಾ ವಿದ್ಯಾರ್ಥಿ ಎಡ್ವರ್ಡ್ ಲೂಯಿಸ್‌ಗೆ ಸಿಕ್ಕಿತು. 1934ರಲ್ಲಿ ಅವರು ಅದಕ್ಕೆ 'ರಾಮಾಪಿಥೆಕಸ್' ಎಂದು ಹೆಸರಿಟ್ಟರು. ಹೆಸರು ಈ ನೆಲದ್ದು, ಮೂಳೆಯೂ ಈ ನೆಲದ್ದು. ಆದರೆ ಹೆಸರು ಮಾತ್ರ ನಮ್ಮ ಪಾಲಿಗೆ ಉಳಿಯಿತು, ಮೂಳೆ ಹಡಗು ಹತ್ತಿತು.

ವಿಶ್ವವಿದ್ಯಾನಿಲಯಗಳ ಮ್ಯೂಸಿಯಂಗಳ ಚರಿತ್ರೆಯನ್ನು ದಾನಿಯ ಔದಾರ್ಯ ಮತ್ತು ಪ್ರೊಫೆಸರರ ಪ್ರತಿಭೆಯ ಕತೆಯಾಗಿ ಹೇಳುವುದು ವಾಡಿಕೆ. ಪೀಬಾಡಿಯ ಕತೆಯನ್ನೂ ಹಾಗೆಯೇ ಹೇಳುತ್ತಾರೆ. 1866ರಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕನ್ ಸಿರಿವಂತ ಜಾರ್ಜ್ ಪೀಬಾಡಿ 1,50,000 ಡಾಲರ್ ಕೊಟ್ಟರು. ಅವರ ಸೋದರಳಿಯ ಓತ್ನಿಯಲ್ ಮಾರ್ಷ್ ಯೇಲ್‌ನಲ್ಲಿ ಪಳೆಯುಳಿಕೆ ಶಾಸ್ತ್ರದ ಪ್ರಾಧ್ಯಾಪಕರಾದರು. 1876ರಲ್ಲಿ ಮೊದಲ ಕಟ್ಟಡ ತೆರೆಯಿತು. ಸ್ಟೆಗೋಸಾರಸ್, ಟ್ರೈಸೆರಾಟಾಪ್ಸ್, ಬ್ರಾಂಟೋಸಾರಸ್ - ಇಂದು ಮಕ್ಕಳ ಬಾಯಲ್ಲಿ ನಲಿಯುವ ಈ ಹೆಸರುಗಳನ್ನೆಲ್ಲ ಇಟ್ಟವರು ಮಾರ್ಷ್. ಇದೆಲ್ಲವೂ ಸತ್ಯವೇ. ಆದರೆ ಪೂರ್ಣ ಸತ್ಯವಲ್ಲ.

ಎಲುಬುಗಳನ್ನು ಅಗೆದು ತೆಗೆದವರು ಯಾರು? ವಯೋಮಿಂಗ್‌ನ ಕೋಮೋ ಬ್ಲಫ್ ಎಂಬಲ್ಲಿ 1877ರಲ್ಲಿ ದೈತ್ಯ ಮೂಳೆಗಳನ್ನು ಗುರುತಿಸಿ ಮಾರ್ಷ್‌ಗೆ ಪತ್ರ ಬರೆದವರು ಇಬ್ಬರು ರೈಲ್ವೆ ನೌಕರರು. ಮಾರ್ಷ್‌ರ ಸಹಾಯಕರು ತಮ್ಮ ದುಡಿಮೆಯ ಫಲವನ್ನು ಯಜಮಾನರು ತಮ್ಮ ಹೆಸರಿನಲ್ಲಿ ಪ್ರಕಟಿಸುತ್ತಾರೆಂದು ಗೊಣಗುತ್ತಿದ್ದರು. 1890ರಲ್ಲಿ ಆ ಗೊಣಗಾಟ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬಹಿರಂಗ ಜಗಳವಾಗಿ ಸ್ಫೋಟಿಸಿತು. ಇನ್ನು ಆ ನೆಲ ಯಾರದು? 1874ರಲ್ಲಿ ಮಾರ್ಷ್ ಲಕೋಟ ಬುಡಕಟ್ಟಿನವರ ನಾಡಿಗೆ ಎಲುಬು ಹುಡುಕಿಕೊಂಡು ಹೋದಾಗ ಅವರ ನಾಯಕ ರೆಡ್ ಕ್ಲೌಡ್, ಸರ್ಕಾರಿ ಅಧಿಕಾರಿಗಳು ತಮ್ಮ ಜನರಿಗೆ ಕೊಡುತ್ತಿದ್ದ ಹಾಳಾದ ಆಹಾರದ ಮಾದರಿಗಳನ್ನು ಅವರ ಕೈಗಿಟ್ಟು, ವಾಷಿಂಗ್ಟನ್‌ಗೆ ತಲುಪಿಸುವ ಮಾತು ಪಡೆದರು. ಮಾರ್ಷ್ ಮಾತು ಉಳಿಸಿಕೊಂಡರು ಎಂಬುದನ್ನೂ ಹೇಳಲೇಬೇಕು. 1875ರಲ್ಲಿ ಅವರು ಎಬ್ಬಿಸಿದ ಗದ್ದಲದ ನಡುವೆ ಆಂತರಿಕ ಇಲಾಖೆಯ ಕಾರ್ಯದರ್ಶಿ ಕೊಲಂಬಸ್ ಡೆಲಾನೊ ಹುದ್ದೆ ಬಿಡಬೇಕಾಯಿತು. 1883ರಲ್ಲಿ ರೆಡ್ ಕ್ಲೌಡ್ ಮಾರ್ಷ್‌ರ ಮನೆಗೇ ಅತಿಥಿಯಾಗಿ ಬಂದರು. ನೆಲದವರೊಂದಿಗೆ ಮಾತಾಡಿ, ಏನಾದರೂ ಮರಳಿಸಿ, ಆಮೇಲೆ ಎಲುಬು ಕೊಂಡೊಯ್ಯುವುದು ಆ ಕಾಲದಲ್ಲೂ ಸಾಧ್ಯವಿತ್ತು ಎಂಬುದಕ್ಕೆ ಇದು ಸಾಕ್ಷಿ. ಹಾಗಾದರೆ ಹರಿತಲ್ಯಾಂಗರ್‌ನ ರೈತರೊಂದಿಗೆ ಯಾರು ಮಾತಾಡಿದರು? ಅವರಿಗೆ ಏನು ಮರಳಿತು? ರಾಮಾಪಿಥೆಕಸ್‌ನ ಕತೆ ಹೇಳುವ ಪುಸ್ತಕಗಳಲ್ಲಿ ಯೇಲ್‌ನ ಮೂರು ತಲೆಮಾರಿನ ಪಂಡಿತರಿದ್ದಾರೆ. ಬೆಟ್ಟದ ದಾರಿ ತೋರಿಸಿದವನು, ಗಂಟು ಹೊತ್ತವನು ಇಲ್ಲ.

ಆ ದವಡೆಯ ಮುಂದಿನ ಕತೆಯಂತೂ ಇನ್ನೂ ಸ್ವಾರಸ್ಯಕರ. 1961ರಲ್ಲಿ ಯೇಲ್‌ನ ಎಲ್ವಿನ್ ಸೈಮನ್ಸ್ ಅದನ್ನು ಮರುಪರಿಶೀಲಿಸಿ, ಇದು ಮನುಷ್ಯನ ವಂಶಕ್ಕೆ ಸೇರಿದ್ದು ಎಂದು ವಾದಿಸಿದರು. ಒಂದು ದವಡೆ ಚೂರಿನ ಮೇಲೆ ಮನುಷ್ಯನ ಆದಿಪುರುಷನೇ ಎದ್ದು ನಿಂತ. 1965ರಲ್ಲಿ ರುಡಾಲ್ಫ್ ಝಾಲಿಂಜರ್ ಬಿಡಿಸಿದ, ಸಾಲಾಗಿ ನಡೆಯುವ ವಾನರ-ಮಾನವರ ಆ ಜಗತ್ಪ್ರಸಿದ್ಧ ಚಿತ್ರದಲ್ಲಿ ರಾಮಾಪಿಥೆಕಸ್ ಕೂಡ ಹೆಜ್ಜೆ ಹಾಕಿತು. ಪೀಬಾಡಿಯ ಗೋಡೆಯ ಮೇಲೆ ಡೈನೋಸಾರ್‌ಗಳ 110 ಅಡಿ ಉದ್ದದ ಭಿತ್ತಿಚಿತ್ರ ಬರೆದವರೂ ಇದೇ ಝಾಲಿಂಜರ್. ಸೊಂಟದ ಎಲುಬಿಲ್ಲ, ಕಾಲಿನ ಎಲುಬಿಲ್ಲ. ಆದರೂ ಅದು ನಡೆಯಿತು!

1967ರಲ್ಲಿ ಸ್ಯಾರಿಚ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ರಕ್ತದ ಪ್ರೋಟೀನುಗಳನ್ನು ಹೋಲಿಸಿ, ಮನುಷ್ಯ ಮತ್ತು ಆಫ್ರಿಕಾದ ವಾನರರ ದಾರಿಗಳು ಬೇರೆಯಾಗಿ ಸುಮಾರು 50 ಲಕ್ಷ ವರ್ಷಗಳಷ್ಟೇ ಆಗಿವೆ ಎಂದರು. ಅದಕ್ಕಿಂತ ಎಷ್ಟೋ ಹಳೆಯದಾದ ರಾಮಾಪಿಥೆಕಸ್ ಮನುಷ್ಯನ ವಂಶದ್ದಾಗುವುದು ಹೇಗೆ? ಎಲುಬಿನ ಪಂಡಿತರು ಕಿವಿಗೊಡಲಿಲ್ಲ. ಕೊನೆಗೆ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಡೇವಿಡ್ ಪಿಲ್ಬೀಮ್‌ರ ತಂಡಕ್ಕೆ ಶಿವಾಪಿಥೆಕಸ್‌ನ ಮುಖದ ಮೂಳೆಗಳು ಸಿಕ್ಕವು. 1982ರಲ್ಲಿ ವಿವರ ಪ್ರಕಟವಾದಾಗ ಆ ಮುಖ ಒರಾಂಗುಟಾನನ್ನು ಹೋಲುತ್ತಿತ್ತು. ರಾಮಾಪಿಥೆಕಸ್ ಪ್ರತ್ಯೇಕ ಜೀವಿಯಲ್ಲ, ಅದೂ ಶಿವಾಪಿಥೆಕಸ್ಸೇ ಎಂಬ ತೀರ್ಮಾನ ನೆಲೆಗೊಂಡಿತು. ಈ ಪಿಲ್ಬೀಮ್ ಯಾರು? ಸೈಮನ್ಸ್‌ರೊಂದಿಗೆ ಕೂಡಿ ರಾಮಾಪಿಥೆಕಸ್ ಮನುಷ್ಯನ ಪೂರ್ವಜ ಎಂದು ಬರೆದಿದ್ದವರೇ. ತಾನು ಕಟ್ಟಿದ ಮನೆಯನ್ನು ತಾನೇ ಕೆಡವುವ ಈ ಧೈರ್ಯಕ್ಕೆ ತಲೆಬಾಗಲೇಬೇಕು.

ಪೊಟ್ವಾರ್‌ನ ಆ ಪಳೆಯುಳಿಕೆಯ ಸಂಖ್ಯೆ ಜಿಎಸ್‌ಪಿ 15000. ಜಿಎಸ್‌ಪಿ ಎಂದರೆ ಪಾಕಿಸ್ತಾನದ ಭೂವೈಜ್ಞಾನಿಕ ಸರ್ವೇಕ್ಷಣೆ. 1932ರ ದವಡೆಗೆ ಬಿದ್ದದ್ದು ಯೇಲ್‌ನ ಸಂಖ್ಯೆ, ಇದಕ್ಕೆ ಬಿದ್ದದ್ದು ಪಾಕಿಸ್ತಾನದ ಸಂಖ್ಯೆ. ಎರಡೂ ಶಿವಾಲಿಕ್ ಶಿಲೆಗಳಿಂದ ಬಂದವು. ನಡುವೆ ಬದಲಾದದ್ದು ಒಂದೇ: ವಸಾಹತು ಆಳ್ವಿಕೆ ಮುಗಿದಿತ್ತು.

'ವಿಜ್ಞಾನಕ್ಕೆ ದೇಶವಿಲ್ಲ, ಮೂಳೆ ಎಲ್ಲಿದ್ದರೇನು?' ಎಂದು ಕೇಳುವವರಿದ್ದಾರೆ. ವಿಜ್ಞಾನಕ್ಕೆ ದೇಶವಿಲ್ಲದಿರಬಹುದು, ಬೀರುವಿಗೆ ಬೀಗದ ಕೈ ಇದೆ. ಆ ಮೂಳೆಯನ್ನು ಮುಟ್ಟಿ ನೋಡಬೇಕಾದ ಹಿಮಾಚಲದ ವಿದ್ಯಾರ್ಥಿಗೆ ವೀಸಾ ಬೇಕು, ವಿಮಾನದ ದುಡ್ಡು ಬೇಕು. ಮರಳಿಸುವುದು ಅಸಾಧ್ಯವೆಂಬ ವಾದವನ್ನು ಸ್ವತಃ ಯೇಲ್ ಸುಳ್ಳು ಮಾಡಿದೆ. ಹೈರಾಮ್ ಬಿಂಗಮ್ ಮಾಚು ಪಿಚುವಿನಿಂದ ತಂದ ವಸ್ತುಗಳು ಇದೇ ಪೀಬಾಡಿಯಲ್ಲಿದ್ದವು. ಪೆರು ದೇಶ 2008ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತು, ಜನ ಬೀದಿಗಿಳಿದರು, 2010ರಲ್ಲಿ ಒಪ್ಪಂದವಾಯಿತು. 2011 ಮತ್ತು 2012ರಲ್ಲಿ ವಸ್ತುಗಳು ಕುಸ್ಕೊ ನಗರದ ವಿಶ್ವವಿದ್ಯಾನಿಲಯದ ವಶಕ್ಕೆ ಮರಳಿದವು. ಕೇಳಿದವರಿಗೆ ಸಿಕ್ಕಿತು. ನಾವು ಕೇಳಿದ್ದೇವೆಯೇ?

ಕೇಳುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. 1828ರಲ್ಲಿ ಜಬಲ್‌ಪುರದ ಬಳಿ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಗೆ ಡೈನೋಸಾರ್ ಒಂದರ ಬಾಲದ ಮೂಳೆಗಳು ಸಿಕ್ಕಿದ್ದವು. 1877ರಲ್ಲಿ ಅದಕ್ಕೆ ಟೈಟನೋಸಾರಸ್ ಇಂಡಿಕಸ್ ಎಂಬ ಹೆಸರು ಬಂತು. ಆಮೇಲೆ ಆ ಮೂಳೆ ಕಳೆದುಹೋಯಿತೆಂದೇ ಜಗತ್ತು ನಂಬಿತ್ತು. 2012ರಲ್ಲಿ ಅದು ಪತ್ತೆಯಾದದ್ದು ಎಲ್ಲಿ? ಕೋಲ್ಕತ್ತದ ನಮ್ಮದೇ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಗ್ರಹದಲ್ಲಿ! ಮನೆಯೊಳಗಿದ್ದ ಆಸ್ತಿಯನ್ನೇ ಅರಿಯದವರು ನೆರೆಮನೆಯವನ ಮೇಲೆ ದೂರು ಹೇಳುವುದು ಹೇಗೆ? ಮಧ್ಯಪ್ರದೇಶದ ಧಾರ್ ಜಿಲ್ಲೆಯ ಹಳ್ಳಿಗರು ತಲೆಮಾರುಗಳಿಂದ ಹೊಲ ಕಾಯುವ ದೈವವೆಂದು ಜೋಪಾನ ಮಾಡಿದ ದುಂಡು ಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ತಜ್ಞರಿಗಿಂತ ಹಳ್ಳಿಗರೇ ಒಳ್ಳೆಯ ಕಾವಲುಗಾರರಾಗಿದ್ದರು ಎಂಬುದು ನಾಚಿಕೆಯ ಮಾತಲ್ಲವೇ?

ಇನ್ನೂ ದೊಡ್ಡ ನಾಚಿಕೆ ನಮ್ಮ ತರಗತಿಯಲ್ಲಿದೆ. 1982ರ ನಂತರ ವಿಜ್ಞಾನ ಕೈಬಿಟ್ಟ ಆ ಪೂರ್ವಜನನ್ನು ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಜೀವಶಾಸ್ತ್ರ ಪುಸ್ತಕ ಕೈಬಿಡಲಿಲ್ಲ. ರಾಮಾಪಿಥೆಕಸ್ ಹೆಚ್ಚು ಮನುಷ್ಯನಂತಿತ್ತು ಎಂಬ ಪಾಠವನ್ನೇ ಅದು ವರ್ಷಗಟ್ಟಲೆ ಕಲಿಸಿತು. ಕರ್ನಾಟಕದ ಪಿಯುಸಿ ಮಕ್ಕಳೂ ಅದನ್ನೇ ಉರು ಹೊಡೆದು ಅಂಕ ಗಳಿಸಿದರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಶಿಕ್ಷಣವಿದು. ಯೇಲ್‌ನವರು ತಪ್ಪು ಮಾಡಿ ತಿದ್ದಿಕೊಂಡರು. ನಾವು ಅವರ ತಪ್ಪನ್ನು ಮಾತ್ರ ಆಮದು ಮಾಡಿಕೊಂಡು, ತಿದ್ದುಪಡಿಯನ್ನು ಬಂದರಿನಲ್ಲೇ ಬಿಟ್ಟೆವು. ವಸ್ತು ಕೈಯಲ್ಲಿಲ್ಲದ ಸಮಾಜ ಇತರರ ಮಾತನ್ನು ನಂಬಿ ಬದುಕುತ್ತದೆ.

ಪೀಬಾಡಿಯಲ್ಲಿ 1931ರಲ್ಲಿ ನಿಲ್ಲಿಸಿದ ಬ್ರಾಂಟೋಸಾರಸ್ ತಪ್ಪು ತಲೆ ಹೊತ್ತು 50 ವರ್ಷ ನಿಂತಿತ್ತು. 1981ರಲ್ಲಿ ಅದನ್ನು ತೆಗೆದು ಸರಿಯಾದ ತಲೆ ಇಟ್ಟರು. 2024ರಲ್ಲಿ ನವೀಕರಣಗೊಂಡು ತೆರೆದ ಆ ಮ್ಯೂಸಿಯಂ ಪ್ರವೇಶ ಶುಲ್ಕವನ್ನೇ ತೆಗೆದುಹಾಕಿತು. ಅವರಿಂದ ಕಲಿಯಬೇಕಾದದ್ದು ಇದು. ನಮ್ಮ ಎಷ್ಟು ಕಾಲೇಜುಗಳ ಭೂವಿಜ್ಞಾನ ವಿಭಾಗದಲ್ಲಿ ಪಳೆಯುಳಿಕೆಯ ಕಪಾಟುಗಳು ತಪಾಸಣಾ ಸಮಿತಿ ಬಂದಾಗ ಮಾತ್ರ ತೆರೆಯುತ್ತವೆ? ಎಷ್ಟು ಚೀಟಿಗಳು ಕನ್ನಡದಲ್ಲಿವೆ?

ಭೂಪರಂಪರೆಯ ರಕ್ಷಣೆಗೆಂದು ಕೇಂದ್ರದ ಗಣಿ ಸಚಿವಾಲಯ 2022ರಲ್ಲಿ ಒಂದು ಕರಡು ಮಸೂದೆ ಹೊರಡಿಸಿತು. ಕಾನೂನು ಬೇಕು, ಆದರೆ ಕಾನೂನೊಂದೇ ಸಾಲದು. ಹರಿತಲ್ಯಾಂಗರ್‌ನ ದವಡೆಯನ್ನು ನಾವು ಕೇಳಬೇಕು, ಕುಸ್ಕೊದ ಮಾದರಿ ಮುಂದಿಟ್ಟು ಕೇಳಬೇಕು. ಅದು ಸೋತ ಸಿದ್ಧಾಂತದ ಮೂಳೆ, ಯಾಕೆ ಬೇಕು ಎನ್ನುವವರಿಗೆ ಉತ್ತರವಿಷ್ಟೇ: ದೊಡ್ಡವರೂ ತಪ್ಪುತ್ತಾರೆ, ತಪ್ಪನ್ನು ಒಪ್ಪಿಕೊಳ್ಳಬಹುದು ಎಂದು ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗದು. ಅದು ಬಂದು ಸೇರುವ ಕೋಣೆಯ ಬಾಗಿಲು ಹಳ್ಳಿಯ ಮಗುವಿಗೂ ತೆರೆದಿರಬೇಕು. ಚೀಟಿಯಲ್ಲಿ ಪ್ರೊಫೆಸರರ ಹೆಸರಿನ ಜೊತೆಗೆ ಊರಿನ ಹೆಸರೂ ಇರಬೇಕು. ಅಂಥದೊಂದು ಕೋಣೆಯನ್ನು ಸಿದ್ಧಪಡಿಸುವುದಕ್ಕೆ ಯೇಲ್‌ನ ಅನುಮತಿಯೇನೂ ಬೇಕಿಲ್ಲ.