ಅನ್ನದ ಮೇಲೇಕೆ ಮುನಿಸು?

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ವಿದ್ಯಾರ್ಥಿನಿಯೊಬ್ಬಳು ತಲೆಸುತ್ತಿ ಕುಸಿದಳು. ಉಪಚರಿಸಿ ವಿಚಾರಿಸಿದಾಗ ತಿಳಿದುಬಂದುದಿಷ್ಟು: ಮೈ ಇಳಿಸಬೇಕೆಂಬ ಹಟದಿಂದ ಆಕೆ ಹತ್ತು ದಿನಗಳಿಂದ ಅನ್ನವನ್ನೂ ರೊಟ್ಟಿಯನ್ನೂ ಮುಟ್ಟಿರಲಿಲ್ಲ. ಅನ್ನವೇ ಕೊಬ್ಬಾಗುತ್ತದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರಂತೆ. ತಾಯಿ ನಸುಕಿನಲ್ಲೆದ್ದು ಕಟ್ಟಿಕೊಟ್ಟ ಬುತ್ತಿ ದಿನವೂ ಗೆಳತಿಯರ ಪಾಲಾಗುತ್ತಿತ್ತು. ಅವಳ ಹೆಸರು ಇಲ್ಲಿ ಬೇಡ. ಅಂಥವರು ಇನ್ನೂ ಹಲವರಿದ್ದಾರೆ. ಅವರಿಗಾಗಿ ಈ ನಾಲ್ಕು ಮಾತು.

ಅನ್ನ, ರೊಟ್ಟಿ, ಮುದ್ದೆ, ಆಲೂಗಡ್ಡೆ, ಸಕ್ಕರೆ ಇವುಗಳಲ್ಲಿ ಮುಖ್ಯವಾಗಿರುವ ವಸ್ತುವಿಗೆ ಶರ್ಕರಪಿಷ್ಟವೆಂದು ಹೆಸರು. ವಿಜ್ಞಾನದ ಪಾಠದಲ್ಲಿ ನೀವು ಓದುವ ಕಾರ್ಬೋಹೈಡ್ರೇಟ್ ಇದೇ. ಒಂದು ಗ್ರಾಂ ಶರ್ಕರಪಿಷ್ಟದಿಂದ ದೇಹಕ್ಕೆ ಸುಮಾರು 4 ಕಿಲೋಕ್ಯಾಲರಿ ಶಕ್ತಿ ದೊರೆಯುತ್ತದೆ, ಸಸಾರಜನಕದಿಂದಲೂ ಅಷ್ಟೇ, ಕೊಬ್ಬಿನಿಂದಲಾದರೋ 9. ಹೀಗಿರುವಾಗ ಅನ್ನವೊಂದನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೇ? ಬೆಳೆದವರ ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸನ್ನು ವ್ಯಯಿಸುತ್ತದೆ. ಗಣಿತದ ಲೆಕ್ಕ ಬಿಡಿಸುವಾಗಲೂ ಆಟದ ಬಯಲಿನಲ್ಲಿ ಓಡುವಾಗಲೂ ನಮ್ಮೊಳಗೆ ಉರಿಯುವ ಸೌದೆ ಇದು.

“ಅನ್ನ ಬಿಟ್ಟವರು ಒಂದೇ ವಾರದಲ್ಲಿ ಇಳಿದರಲ್ಲ?” ಎಂದು ನೀವು ಕೇಳಬಹುದು. ಇಳಿಯುವುದು ನಿಜ; ಇಳಿದುದು ಯಾವುದು ಎಂಬುದೇ ಪ್ರಶ್ನೆ. ಉಳಿಕೆಯ ಗ್ಲೂಕೋಸನ್ನು ದೇಹವು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಅದರ ಒಂದೊಂದು ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಅನ್ನ ನಿಂತೊಡನೆ ಆ ಕೂಡಿಟ್ಟ ಗಂಟು ಕರಗಿ ನೀರೂ ಹೊರಬೀಳುತ್ತದೆ. ಮೊದಲ ವಾರ ತಕ್ಕಡಿ ತೋರಿಸುವ ಇಳಿತದಲ್ಲಿ ಹೆಚ್ಚಿನದು ಈ ನೀರೇ. ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿ ವಯಸ್ಕರನ್ನು ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಶರ್ಕರಪಿಷ್ಟ ಕಡಿಮೆ ಮಾಡಿದವರು ಸರಾಸರಿ 6 ಕಿಲೋ, ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ ಇಳಿದಿದ್ದರು. ಇದು ಎಣಿಕೆಗೆ ಬರುವ ಅಂತರವಲ್ಲವೆಂದು ಅವರೇ ತೀರ್ಮಾನಿಸಿದರು.

ಆದರೆ ಅನ್ನದ ಪಕ್ಷ ವಹಿಸುವ ಭರದಲ್ಲಿ ನಮ್ಮ ತಪ್ಪನ್ನು ಮುಚ್ಚಿಡಬಾರದು. ಭಾರತದಲ್ಲಿ 10 ಕೋಟಿಗೂ ಮಿಕ್ಕ ಜನ ಮಧುಮೇಹಿಗಳೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಂದಾಜು ಮಾಡಿತು. ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ನೂರಕ್ಕೆ 45ರಷ್ಟಿದ್ದರೆ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ತಿಳಿಸಿದೆ. ನಮ್ಮ ಜನರಲ್ಲಿ ಅದು 50ರಿಂದ 70ರವರೆಗೆ ಇದೆ. ತಟ್ಟೆಯ ತುಂಬ ಅನ್ನ, ಅದರ ಮೇಲೊಂದು ಸೌಟು ತಿಳಿಸಾರು: ಇದು ಸಮತೂಕದ ಆಹಾರವಲ್ಲ.

ಯಾವ ಧಾನ್ಯವನ್ನು ಯಾವ ರೂಪದಲ್ಲಿ ಉಣ್ಣುತ್ತೇವೆಂಬುದೂ ಮುಖ್ಯ. ಹಿಂದೆ ಯಂತ್ರದಲ್ಲಿ ಚೆನ್ನಾಗಿ ಪಾಲಿಶು ಮಾಡಿದ ಬಿಳಿಯಕ್ಕಿಯನ್ನೇ ನಂಬಿದ್ದ ನಾಡುಗಳಲ್ಲಿ ಬೆರಿಬೆರಿ ರೋಗ ಹರಡಿತು. ತವುಡಿನೊಡನೆ ಜೀವಸತ್ವವೂ ಹೋಗಿತ್ತು. ಮೇಲೆ ಹೇಳಿದ ಪೋಷಣ ಸಂಸ್ಥೆಯ ಮೂಲವೂ 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿಯ ಶೋಧನೆಗೆಂದು ಪ್ರಾರಂಭವಾದ ಪುಟ್ಟ ಪ್ರಯೋಗಶಾಲೆಯೇ. ನಿಮ್ಮಲ್ಲಿ ಅನೇಕರ ಮನೆಗಳಿಗೆ ಊರಿನಿಂದ ಬರುವ ಕುಚ್ಚಲಕ್ಕಿಯನ್ನು ನೋಡಿ: ಭತ್ತವನ್ನು ಮೊದಲೇ ಬೇಯಿಸುವುದರಿಂದ ತವುಡಿನ ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಜೋಳ, ರಾಗಿಗಳಲ್ಲಿ ಬಿಳಿಯಕ್ಕಿಗಿಂತ ಮೂರು ಪಟ್ಟಿಗೂ ಹೆಚ್ಚು ನಾರಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ವವಿದೆ. ನಾರು ಹೊಟ್ಟೆಯನ್ನು ಬೇಗ ತುಂಬಿಸಿ ಹಸಿವನ್ನು ತಡವಾಗಿಸುತ್ತದೆ.

ಇಲ್ಲೊಂದು ತಪ್ಪೊಪ್ಪಿಗೆ. ವಿಜಾಪುರದ ಕಡೆಯ ಹಳ್ಳಿಯಲ್ಲಿ ಕನ್ನಡದಲ್ಲಿಯೇ ಓದಿ, ಜೋಳದ ರೊಟ್ಟಿ ತಿಂದು ಬೆಳೆದ ನಾವು ಈ ನಗರಕ್ಕೆ ಬಂದ ಹೊಸದರಲ್ಲಿ ನಾಲ್ವರೆದುರು ರೊಟ್ಟಿಯ ಗಂಟು ಬಿಚ್ಚಲು ನಾಚಿದೆವು. ಬೆಳಿಗ್ಗೆ ಚಹಾ ಬಿಸ್ಕತ್ತು, ಮಧ್ಯಾಹ್ನ ವಡಾಪಾವ್, ಸಂಜೆ ಮತ್ತೆ ಚಹಾ. 1966ರ ಸುಮಾರಿಗೆ ದಾದರ್ ನಿಲ್ದಾಣದ ಹೊರಗೆ ಹುಟ್ಟಿತೆನ್ನುವ ಆ ತಿಂಡಿ ದುಡಿಯುವವರ ಹಸಿವನ್ನು ನೀಗಿಸಿದೆ, ಅದನ್ನು ಹಳಿಯಲಾರೆವು. ಆದರೆ ಮೈದಾದ ಪಾವಿನ ನಡುವೆ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ನಿತ್ಯದ ಊಟವಾಗಲಾರದು. ಎರಡು ವರ್ಷಗಳಲ್ಲಿ ನಮ್ಮ ಅಂಗಿಗಳೆಲ್ಲ ಬಿಗಿಯಾದವು. ಅಂಧೇರಿಯ ಸೇತುವೆ ಏರುವಾಗ ಏದುಸಿರು ಬಂದಿತು. ನಮ್ಮನ್ನು ಕೆಡಿಸಿದ್ದು ರೊಟ್ಟಿಯಲ್ಲ, ರೊಟ್ಟಿಯ ಕುರಿತ ನಾಚಿಕೆ.

ಆದುದರಿಂದ ವಿದ್ಯಾರ್ಥಿ ಮಿತ್ರರೇ, ಅನ್ನವನ್ನು ತ್ಯಜಿಸಬೇಡಿ. ಅದಕ್ಕೆ ತಕ್ಕ ಸ್ಥಾನ ಕೊಡಿ. ಒಂದು ಹಿಡಿ ಅನ್ನ ಕಡಿಮೆಯಾದ ಕಡೆ ಒಂದು ಸೌಟು ತೊವ್ವೆ, ಒಂದಿಷ್ಟು ಸೊಪ್ಪು, ಮೊಳಕೆಕಾಳು ಬರಲಿ. ಬಿಡುವುದಾದರೆ ಬಾಟಲಿಯ ಸಿಹಿ ಪಾನೀಯ ಬಿಡಿ: 300 ಮಿಲಿಲೀಟರಿನ ಒಂದರಲ್ಲಿಯೇ ಸುಮಾರು 30 ಗ್ರಾಂ ಸಕ್ಕರೆ ಇರುವುದುಂಟು. ಚಾಳಿನ ಓಣಿಯಾದರೂ ಸರಿ, ದಿನಕ್ಕೊಂದು ಗಂಟೆ ಆಡಿ. ಮೂಳೆ ಬೆಳೆಯುವ ವಯಸ್ಸು ಉಪವಾಸದ ವಯಸ್ಸಲ್ಲ. ತೂಕದ ಚಿಂತೆ ನಿಜವಾಗಿಯೂ ಇದ್ದರೆ ವೈದ್ಯರನ್ನು ಕೇಳಿ. ಮೊಬೈಲನ್ನಲ್ಲ, ಅಣಕಿಸುವ ಗೆಳೆಯರನ್ನಂತೂ ಅಲ್ಲವೇ ಅಲ್ಲ.

ಅಂದು ಕುಸಿದ ಹುಡುಗಿ ಈಗ ಬುತ್ತಿಯನ್ನು ತಾನೇ ಉಣ್ಣುತ್ತಾಳೆ. ಕ್ರೀಡಾದಿನದಂದು ಖೋಖೋ ತಂಡದಲ್ಲಿಯೂ ಆಡಿದಳು. ನಮ್ಮ ಡಬ್ಬಿಯಲ್ಲಿ ಮತ್ತೆ ಜೋಳದ ರೊಟ್ಟಿ ಬರುತ್ತಿದೆ. ಹಂಚಿಕೊಳ್ಳಬಯಸುವವರು ಮಧ್ಯಾಹ್ನದ ಬಿಡುವಿನಲ್ಲಿ ಅಗತ್ಯವಾಗಿ ಬರಬಹುದು.