ಹಿರಿಯ ಪ್ರಾಥಮಿಕ ಶಾಲೆ: ಅಂಕಪಟ್ಟಿಗೆ ಮುನ್ನ ಹಾಜರಿ ಪುಸ್ತಕ ಓದಬೇಕು

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದಾಗಲೆಲ್ಲ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂಬುದೇ ಚರ್ಚೆಯ ವಿಷಯವಾಗುತ್ತದೆ. 2024ರಲ್ಲಿ ಉಡುಪಿ ಜಿಲ್ಲೆ ಶೇ 94ರಷ್ಟು ಫಲಿತಾಂಶ ಪಡೆದು ಪ್ರಥಮ ಸ್ಥಾನದಲ್ಲಿತ್ತು. ಯಾದಗಿರಿ ಶೇ 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಕೊನೆಯಲ್ಲಿ ಉಳಿದ ಜಿಲ್ಲೆಗಳ ಅಧಿಕಾರಿಗಳಿಗೆ ನೋಟಿಸ್, ಹತ್ತನೇ ತರಗತಿಗೆ ವಿಶೇಷ ತರಗತಿ ಎಂಬ ಕ್ರಮ ಪ್ರತಿವರ್ಷದ್ದು. ಆದರೆ ಈ ಅಂತರ ಹತ್ತನೇ ತರಗತಿಯಲ್ಲಿ ಹುಟ್ಟುವಂಥದ್ದಲ್ಲ. ಕೆಳಹಂತದಲ್ಲಿ ಆರಂಭವಾಗುವ ಹಿನ್ನಡೆ 6ರಿಂದ 8ನೇ ತರಗತಿಯೊಳಗೆ ಸರಿಯಾಗದಿದ್ದರೆ ಅದೇ ಮುಂದೆ ಅಂಕಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಉಳಿದವರು ಯಾರು?

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಕಲಿಕಾ ಮಟ್ಟವನ್ನು ಅಳೆಯುವ ಮುನ್ನ ಅಲ್ಲಿ ಕುಳಿತಿರುವ ಮಕ್ಕಳು ಯಾರು ಎಂಬುದನ್ನು ಗಮನಿಸಬೇಕು. ಶುಲ್ಕ ಕಟ್ಟುವ ಶಕ್ತಿಯುಳ್ಳ ಪೋಷಕರು ಇಂಗ್ಲಿಷ್ ಮಾಧ್ಯಮದ ಆಸೆಯಿಂದ ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸುತ್ತಿದ್ದಾರೆ. ಒಂದೇ ಮನೆಯಲ್ಲಿ ಮಗ ಖಾಸಗಿ ಶಾಲೆಗೆ, ಮಗಳು ಸರ್ಕಾರಿ ಶಾಲೆಗೆ ಹೋಗುವುದೂ ಅಪರೂಪವಲ್ಲ. ಉಳಿಯುವವರು ಕೃಷಿ ಕಾರ್ಮಿಕರ, ಕಟ್ಟಡ ಕಾರ್ಮಿಕರ ಮತ್ತು ಗುಳೆ ಹೋಗುವ ಕುಟುಂಬಗಳ ಮಕ್ಕಳು. ಇವರಲ್ಲಿ ಹಲವರ ಮನೆಯಲ್ಲಿ ಅಕ್ಷರ ಕಲಿತ ಮೊದಲಿಗರು ಅವರೇ. ಬೆಂಗಳೂರಿನಂತಹ ನಗರದಲ್ಲಿ ಮನೆಮಾತು ತಮಿಳು, ತೆಲುಗು, ಉರ್ದು ಅಥವಾ ಹಿಂದಿಯಾಗಿದ್ದು, ಕನ್ನಡವನ್ನು ಶಾಲೆಯಲ್ಲೇ ಕಲಿಯಬೇಕಾದ ಮಕ್ಕಳೂ ಇದೇ ತರಗತಿಯಲ್ಲಿದ್ದಾರೆ.

ಈ ವಿಂಗಡಣೆಯಲ್ಲಿ ಸರ್ಕಾರದ ಪಾಲೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟುಗಳಿಗೆ ಸರ್ಕಾರವೇ ಶುಲ್ಕ ಭರಿಸುತ್ತಿತ್ತು. ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ನೆರೆಹೊರೆಯಲ್ಲಿ ಖಾಸಗಿ ಶಾಲೆಗೆ ಈ ಹೊಣೆಯಿಲ್ಲ ಎಂದು 2019ರಲ್ಲಿ ನಿಯಮ ತಿದ್ದಲಾಯಿತು. ಅಷ್ಟರಲ್ಲಿ ಹಲವು ವರ್ಷಗಳ ದಾಖಲಾತಿ ಖಾಸಗಿ ಶಾಲೆಗಳತ್ತ ಹರಿದಾಗಿತ್ತು.

2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಯಾದಗಿರಿಯದ್ದು ಶೇ 51.83. ಇಂದಿನ ವಿದ್ಯಾರ್ಥಿಗಳ ತಂದೆ ತಾಯಿಯ ತಲೆಮಾರಿನ ಸ್ಥಿತಿ ಇದು. ಇದನ್ನು ಮರೆತು ಎರಡು ಜಿಲ್ಲೆಗಳ ಫಲಿತಾಂಶವನ್ನು ಹೋಲಿಸಿದರೆ ಅದು ಶಾಲೆಗಳ ಹೋಲಿಕೆಯಾಗದೆ ಮನೆಗಳ ಹೋಲಿಕೆಯಾಗುತ್ತದೆ.

ಹಿನ್ನೆಲೆಯೇ ಹಣೆಬರಹವೇ?

ಹಾಗೆಂದು ಮಕ್ಕಳ ಹಿನ್ನೆಲೆಯನ್ನೇ ನೆಪವಾಗಿಸಿ ಇಲಾಖೆ ನುಣುಚಿಕೊಳ್ಳುವಂತಿಲ್ಲ. ಗ್ರಾಮೀಣ ಮಕ್ಕಳ ಕಲಿಕೆ ಅಳೆಯುವ 'ಅಸರ್' ಸಮೀಕ್ಷೆಯ ದೇಶಮಟ್ಟದ ಅಂಕಿಅಂಶಗಳು ಇದನ್ನು ಸ್ಪಷ್ಟಪಡಿಸುತ್ತವೆ. ಸರ್ಕಾರಿ ಶಾಲೆಗೆ ದಾಖಲಾದ 6ರಿಂದ 14 ವರ್ಷದ ಮಕ್ಕಳ ಪ್ರಮಾಣ 2018ರಲ್ಲಿ ಶೇ 65.6 ಇದ್ದದ್ದು, ಕೋವಿಡ್ ನಂತರ 2022ರಲ್ಲಿ ಶೇ 72.9ಕ್ಕೆ ಏರಿತು. 2024ರಲ್ಲಿ ಶೇ 66.8ಕ್ಕೆ ಮರಳಿತು. ಅಂದರೆ ಆ ಎರಡು ವರ್ಷಗಳಲ್ಲಿ ಗಣನೀಯ ಸಂಖ್ಯೆಯ ಕುಟುಂಬಗಳು ಮತ್ತೆ ಖಾಸಗಿ ಶಾಲೆಯ ಹಾದಿ ಹಿಡಿದವು. ಹಿನ್ನೆಲೆಯೊಂದೇ ನಿರ್ಣಾಯಕವಾಗಿದ್ದರೆ ಸರ್ಕಾರಿ ಶಾಲೆಗಳ ಕಲಿಕಾ ಮಟ್ಟ ಆಗ ಕುಸಿಯಬೇಕಿತ್ತು. ಆದದ್ದು ವ್ಯತಿರಿಕ್ತ. 2ನೇ ತರಗತಿ ಮಟ್ಟದ ಪಠ್ಯ ಓದಬಲ್ಲ 3ನೇ ತರಗತಿ ಮಕ್ಕಳ ಪ್ರಮಾಣ ಸರ್ಕಾರಿ ಶಾಲೆಗಳಲ್ಲಿ ಶೇ 16.3ರಿಂದ 23.4ಕ್ಕೂ, 5ನೇ ತರಗತಿಯಲ್ಲಿ ಶೇ 38.5ರಿಂದ 44.8ಕ್ಕೂ ಏರಿತು.

8ನೇ ತರಗತಿಯಲ್ಲಿ ಮಾತ್ರ ಏರಿಕೆ ಅತ್ಯಲ್ಪ: ಶೇ 66.2ರಿಂದ 67.5. 2018ರ ಶೇ 69ರ ಮಟ್ಟವನ್ನು ಅದು ಇನ್ನೂ ಮುಟ್ಟಿರಲಿಲ್ಲ. ಎಂಟು ವರ್ಷ ಶಾಲೆಗೆ ಬಂದ ಮೂವರಲ್ಲಿ ಒಬ್ಬರಿಗೆ 2ನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂಬುದು ಇದರ ಅರ್ಥ.

ಮಧ್ಯದ ಹಂತಕ್ಕೆ ದಿಕ್ಕಿಲ್ಲ

ಕಾರಣ ಹುಡುಕುವುದು ಕಷ್ಟವಲ್ಲ. 2021ರಲ್ಲಿ ಕೇಂದ್ರ ಆರಂಭಿಸಿದ 'ನಿಪುಣ್ ಭಾರತ್' 3ನೇ ತರಗತಿಯವರೆಗಿನ ಗುರಿ ಇಟ್ಟುಕೊಂಡಿದೆ. ರಾಜ್ಯದ 'ನಲಿ ಕಲಿ' 1ರಿಂದ 3ನೇ ತರಗತಿಯದು, 'ಓದು ಕರ್ನಾಟಕ' 4 ಮತ್ತು 5ನೇ ತರಗತಿಯದು. ಹತ್ತನೇ ತರಗತಿಯ ಮೇಲೆ ಫಲಿತಾಂಶದ ಒತ್ತಡವಿದೆ. ನಡುವಿನ ಮಕ್ಕಳು ಬಹುಕಾಲ ಯಾರ ಆದ್ಯತೆಯೂ ಆಗಲಿಲ್ಲ. 2024-25ರಲ್ಲಿ 8ನೇ ತರಗತಿಯಲ್ಲಿದ್ದವರು 2020ರಲ್ಲಿ ಶಾಲೆ ಮುಚ್ಚಿದಾಗ ಓದು ಬರಹ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿದ್ದವರು. ರಾಜ್ಯದಲ್ಲಿ 1ರಿಂದ 5ನೇ ತರಗತಿ ಪುನರಾರಂಭವಾದದ್ದು 2021ರ ಅಕ್ಟೋಬರ್ 25ರಂದು. 'ಕಲಿಕಾ ಚೇತರಿಕೆ', ಬಳಿಕ 'ಮರುಸಿಂಚನ' ಬಂದವು. ಆದರೆ ಪಠ್ಯ ಮುಗಿಸುವ ಧಾವಂತದಲ್ಲಿ ಇವಕ್ಕೆ ಎಷ್ಟು ಸಮಯ ಸಿಗುತ್ತದೆ ಎಂಬುದು ಶಿಕ್ಷಕರ ಸಂಖ್ಯೆಯನ್ನೇ ಅವಲಂಬಿಸಿದೆ.

ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 8ನೇ ತರಗತಿಗೆ ವಿಜ್ಞಾನ ಮತ್ತು ಗಣಿತ, ಸಮಾಜ ವಿಜ್ಞಾನ, ಭಾಷೆಗಳಿಗೆ ತಲಾ ಒಬ್ಬ ಶಿಕ್ಷಕರಾದರೂ ಇರಬೇಕು. 2022ರಲ್ಲಿ ರಾಜ್ಯವು ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಪರೀಕ್ಷೆ ನಡೆಸಿತು. ಅಷ್ಟು ಹುದ್ದೆಗಳಿಗೂ ಅರ್ಹರು ದೊರೆಯಲಿಲ್ಲ. ಆಯ್ಕೆ ಪಟ್ಟಿಯೂ ನ್ಯಾಯಾಲಯದ ಮೆಟ್ಟಿಲೇರಿತು. ಕೊರತೆ ತುಂಬುವವರು ಅತಿಥಿ ಶಿಕ್ಷಕರು.

ಇಷ್ಟರ ನಡುವೆ ಸರ್ಕಾರದ ಗಮನ ಹರಿದದ್ದು ಪರೀಕ್ಷೆಯತ್ತ. 5 ಮತ್ತು 8ನೇ ತರಗತಿಗೆ ಮಂಡಳಿ ಮಟ್ಟದ ಮೌಲ್ಯಾಂಕನ 2023ರಲ್ಲಿ ವಿವಾದಕ್ಕೀಡಾಯಿತು. 2024ರಲ್ಲಿ ಪರೀಕ್ಷೆ ಅರ್ಧದಲ್ಲೇ ನಿಂತು, ಮತ್ತೆ ನಡೆದು, ಕೊನೆಗೆ ಏಪ್ರಿಲ್ 8ರಂದು ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ನೀಡಿತು. ಮಕ್ಕಳು ಹಿಂದುಳಿದಿದ್ದಾರೆ ಎಂಬುದನ್ನು ತಿಳಿಯಲು ಇಷ್ಟೆಲ್ಲ ಹೋರಾಟ ಬೇಕಿರಲಿಲ್ಲ. ತರಗತಿಯ ಶಿಕ್ಷಕರಿಗೆ ಅದು ಗೊತ್ತೇ ಇದೆ.

6ನೇ ತರಗತಿಗೆ ಬಂದಾಗ ಮಗು ಎಲ್ಲಿತ್ತು, 8ನೇ ತರಗತಿ ಮುಗಿಸುವಾಗ ಎಲ್ಲಿಗೆ ತಲುಪಿತು ಎಂಬ ಲೆಕ್ಕವೇ ಸರ್ಕಾರಿ ಶಾಲೆಗೆ ನ್ಯಾಯವಾದ ಅಳತೆಗೋಲು. ಓದಲು ಬಾರದ ಮಕ್ಕಳಿಗೆ ದಿನಕ್ಕೊಂದು ಅವಧಿ ಮೀಸಲಿಡುವುದು ಮತ್ತು ಹಿಂದುಳಿದ ತಾಲ್ಲೂಕುಗಳಲ್ಲಿ ವಿಷಯ ಶಿಕ್ಷಕರನ್ನು ಮೊದಲು ನೇಮಿಸುವುದು ಸರ್ಕಾರದ ಕೈಯಲ್ಲೇ ಇರುವ ಕೆಲಸ. ಇವೆರಡೂ ಆಗದಿದ್ದರೆ ಮುಂದಿನ ಮೇ ತಿಂಗಳಲ್ಲೂ ಅದೇ ಜಿಲ್ಲೆಗಳ ಹೆಸರು ಪಟ್ಟಿಯ ಅದೇ ಜಾಗದಲ್ಲಿ ಕಂಡರೆ ಅಚ್ಚರಿಯಿಲ್ಲ.